ಹಲಸಿನ ಮರ ಕಡಿಸುವ ಮೊದಲು ಸೀತಾಳೆ ದಂಡೆ ಬಿಡಿಸಿಕೊಳ್ಳಿ

ಕಾಸರಗೋಡು ಜಿಲ್ಲೆಯ ಪೆರ್ಲ, ಬದಿಯಡ್ಕ, ಮುಳ್ಳೇರಿಯ ಕಡೆಯವರು ಹಳೇ ಹಲಸು, ಮಾವು ಕಡಿಸುವ ಮೊದಲು ಕೊಂಬೆಗಳನ್ನೊಮ್ಮೆ ನೋಡಿ. ಪಟ್ಟಿಯಂಥ ದಪ್ಪ ಎಲೆ, ಕೆಳಗೆ ಜೋತುಬಿದ್ದ ಬೇರು ಕಂಡರೆ ಅದು ಸೀತಾಳೆ ದಂಡೆ ಎಂಬ ಆರ್ಕಿಡ್ ಇರಬಹುದು. ಬಂದಳಿಕೆ ಅಂದುಕೊಂಡು ಸುಮ್ನೆ ಕಿತ್ತು ಬಿಸಾಡುವವರೇ ಜಾಸ್ತಿ. ಬಂದಳಿಕೆ ಮರದ ರಸ ಹೀರುತ್ತದೆ. ಇದು ಬರೀ ತೊಗಟೆ ಹಿಡಿದು ಕೂರುತ್ತದೆ, ಅಷ್ಟೇ.

ಬೇರು ಹಿಡಿದು ಎಳೆಯಬೇಡಿ. ಕತ್ತಿಯಿಂದ ತೊಗಟೆಯ ಚಕ್ಕೆ ಸಮೇತ ಎಬ್ಬಿಸಿ. ಒರಟು ತೊಗಟೆಯ ಬೇರೆ ಮರಕ್ಕೆ, ಬೆಳಗಿನ ಬಿಸಿಲು ಸಿಗುವ ಬದಿಯಲ್ಲಿ, ಬಾಳೆನಾರಿನಿಂದ ಅಲುಗಾಡದಂತೆ ಕಟ್ಟಿ. ಬೇರು ಹಿಡಿಯುವ ಹೊತ್ತಿಗೆ ನಾರು ತಾನೇ ಕೊಳೆತು ಬೀಳುತ್ತದೆ. ಮಣ್ಣು, ಸೆಗಣಿ ಏನೂ ಬೇಡ.

ನೀರು ಎಷ್ಟು ಅಂತ ಬೇರನ್ನೇ ಕೇಳಬಹುದು. ಅದರ ಮೇಲೆ ಸ್ಪಂಜಿನಂಥ ಪದರ ಇದೆ. ಒಣಗಿದಾಗ ಬೂದುಬಿಳಿ, ನೀರು ಚಿಮುಕಿಸಿದ ಕೂಡಲೇ ಹಸಿರು. ಬೂದು ಕಂಡರೆ ಚಿಮುಕಿಸಿ, ಹಸಿರಿದ್ದರೆ ಬಿಡಿ. ಮಳೆಗಾಲದಲ್ಲಿ ಆ ಕೆಲಸವೂ ಇಲ್ಲ. ಬೇರಿನ ತುದಿ ಹೊಸದಾಗಿ ಚಿಗುರಿದರೆ ಗಿಡ ಬದುಕಿತು ಅಂತಲೇ ಲೆಕ್ಕ.

ಅಡಿಕೆ ಮರಕ್ಕೆ ಕಟ್ಟುವುದು ನನಗಂತೂ ಸರಿ ಕಾಣುವುದಿಲ್ಲ. ಕೊಳೆರೋಗಕ್ಕೆ ಮೈಲುತುತ್ತು, ಸುಣ್ಣ ಕಲಸಿದ ಬೋರ್ಡೋ ದ್ರಾವಣ ಹೊಡೆಯುತ್ತೇವಲ್ವಾ, ಆ ಮೈಲುತುತ್ತು ಆರ್ಕಿಡ್‌ಗೆ ಒಳ್ಳೆಯದಲ್ಲ.

ಹೂ ಬಿಡುವುದು ಹೆಚ್ಚಾಗಿ ಮೇ, ಜೂನ್‌ನಲ್ಲಿ. ಹೂ ಇಳಿದ ಮೇಲೆ ಬಿಡಿಸಿದರೆ ಒಳ್ಳೆಯದು. ಕಾಡಿನ ಮರದಿಂದ ಮಾತ್ರ ಕೀಳಬೇಡಿ. ಬಿದ್ದ, ಕಡಿಯುವ ಮರದ್ದೇ ಸಾಕಷ್ಟು ಸಿಗುತ್ತದೆ.