ಓಡಿಸಿದ್ದು ಸಾಕೆಂದು ಕೂತೆ: ಕ್ವಾಂಡೊ, ಚೋಬೆ ದಡದಲ್ಲಿ ನನ್ನ ಅನುಭವ

ಆಫ್ರಿಕಾದಲ್ಲಿ ನಮೀಬಿಯಾ, ಬೋಟ್ಸ್ವಾನಾ ಗಡಿಯ ಈ ನದಿ ದಡಕ್ಕೆ ಆನೆ ಫೋಟೊ ತೆಗೆಯಲು ನಾನು ಹೋಗಿದ್ದು ಮೂರು ಸಲ. ಮೊದಲ ಎರಡು ಸಲ ದುಡ್ಡು ಹೊಳೆಗೆ ಸುರಿದ ಹಾಗಾಯಿತು. ಮೂರನೇ ಸಲ ಹೊರಟಾಗ ನಮ್ಮ ಭಾವ, "ಕಬಿನಿಯಲ್ಲಿ ಇಲ್ಲದ ಆನೆ ಅಲ್ಲೇನಿದೆಯೋ? ಇನ್ನೊಂದು ಲೆನ್ಸ್ ತಗೋ, ಮಿಕ್ಕಿದ್ದು ಬ್ಯಾಂಕಿಗೆ ಹಾಕು" ಎಂದಿದ್ದರು. ಈಗ ಅವರ ಮನೆಯ ಹಾಲ್‌ನಲ್ಲಿ ನನ್ನ ಎರಡು ಫೋಟೊ ತೂಗುತ್ತಿವೆ. ಅದಕ್ಕೇ ಇದನ್ನು ಬರೆಯೋಣ ಅನ್ನಿಸಿತು.

ಮೊದಲ ಸಲ 2019ರ ಫೆಬ್ರವರಿ. ಟಿಕೆಟ್ ಅಗ್ಗ ಸಿಕ್ಕಿತು ಅಂತ ಹೋದೆ. ಅಗ್ಗ ಯಾಕಿತ್ತು ಅಂತ ಅಲ್ಲಿ ಹೋದ ಮೇಲೆ ಗೊತ್ತಾಯಿತು. ಅದು ಅಲ್ಲಿನ ಮಳೆಗಾಲ. ಕಾಡಿನ ಒಳಗೆ ಹೊಂಡ ಹೊಂಡದಲ್ಲೂ ನೀರು ನಿಂತಿರುವಾಗ ಆನೆ ನದಿಗೆ ಯಾಕೆ ಬರುತ್ತದೆ? ಹುಲ್ಲು ಗಾಡಿಯ ಕಿಟಕಿಗಿಂತ ಎತ್ತರ. ಕಬಿನಿ ಹಿನ್ನೀರಿನ ಆನೆ ನೋಡಲು ಏಪ್ರಿಲ್, ಮೇನಲ್ಲಿ ಹೋಗಬೇಕು ಅಂತ ಊರಿಗೆಲ್ಲ ಹೇಳುವವನು ನಾನು. ಅದೇ ಲೆಕ್ಕ ಅಲ್ಲಿಗೂ ಹಾಕಬೇಕು ಅಂತ ಹೊಳೆಯಲೇ ಇಲ್ಲ.

ಎರಡನೇ ಸಲ 2022ರ ಆಗಸ್ಟ್. ಕಾಲ ಸರಿ ಇತ್ತು, ದಾರಿ ತಪ್ಪಿತು. ಬೋಟ್ಸ್ವಾನಾ ಕಡೆಯ ಚೋಬೆಯಲ್ಲಿ ಮೂರು ರಾತ್ರಿಯ ಪ್ಯಾಕೇಜ್ ತಗೊಂಡೆ. ವಿಮಾನ ಬಿಟ್ಟು ಸುಮಾರು 1.6 ಲಕ್ಷ. ಎತ್ತರದ ಜೀಪು, ಒಂಬತ್ತು ಜನ, ಡ್ರೈವರ್ ಕೈಯಲ್ಲಿ ವೈರ್‌ಲೆಸ್. ಎಲ್ಲೋ ಸಿಂಹ ಅಂದರೆ ಅಲ್ಲಿಗೆ, ಚಿರತೆ ಅಂದರೆ ಇಲ್ಲಿಗೆ. ಪ್ರತಿ ಫೋಟೊದಲ್ಲೂ ಮೇಲಿಂದ ತೆಗೆದ ಬೆನ್ನು, ಹಿಂದೆ ಇನ್ನೊಂದು ಜೀಪಿನ ಬಾನೆಟ್. ಬೇಕಾ ಇದು?

ಮೂರನೇ ಸಲ, 2024ರ ಸೆಪ್ಟೆಂಬರ್ ಕೊನೆ. ನಾನೂ ಸೇರಿ ಮೂರು ಜನ ಗೆಳೆಯರು, ಹದಿನಾಲ್ಕು ದಿನ, ಗೈಡ್ ಇಲ್ಲ, ಲಾಡ್ಜ್ ಇಲ್ಲ. ನಮೀಬಿಯಾದ ವಿಂಡ್‌ಹುಕ್‌ನಲ್ಲಿ ಮೇಲೆ ಟೆಂಟ್ ಇರುವ ಫೋರ್ ಬೈ ಫೋರ್ ಬಾಡಿಗೆಗೆ ಹಿಡಿದೆವು. ಅಲ್ಲಿ ನಮ್ಮ ಹಾಗೇ ಎಡಕ್ಕೆ ಓಡಿಸುವುದು, ಸ್ಟೀರಿಂಗ್ ಬಲಕ್ಕೆ. ಬೋಟ್ಸ್ವಾನಾ ಗಡಿ ದಾಟುವುದಕ್ಕೆ ಬಾಡಿಗೆ ಕೊಟ್ಟವರ ಪತ್ರ ಮೊದಲೇ ಕೇಳಿ ಇಟ್ಟುಕೊಂಡಿದ್ದೆ. ರುಂಡು ದಾಟಿ, ದಿವುಂಡು ದಾಟಿ, ನಮೀಬಿಯಾದ ಈಶಾನ್ಯಕ್ಕೆ ಉದ್ದಕ್ಕೆ ಚಾಚಿದ ಕಿರಿದಾದ ಕ್ಯಾಪ್ರಿವಿ ಪಟ್ಟಿಗೆ. ಈ ಪಟ್ಟಿಯ ಪೂರ್ವದ ಭಾಗಕ್ಕೆ ಈಗ ಜಾಂಬೆಜಿ ಪ್ರಾಂತ್ಯ ಅಂತ ಹೆಸರು, 2013ರಿಂದ. ಟಾರು ರಸ್ತೆ ಚೆನ್ನಾಗಿದೆ. ಆದರೆ ಕತ್ತಲಾದ ಮೇಲೆ ಓಡಿಸಬೇಡಿ, ರಸ್ತೆ ಮಧ್ಯೆ ಆನೆ ನಿಂತಿರುತ್ತದೆ.

ನನ್ನ ಪ್ಲಾನ್ ಇಷ್ಟೇ. ಚೋಬೆಗೆ ಮೂರೇ ದಿನ, ಉಳಿದದ್ದೆಲ್ಲ ನಮೀಬಿಯಾ ಕಡೆಯ ಕ್ವಾಂಡೊ ದಡದಲ್ಲಿ. ಕ್ವಾಂಡೊ, ಲಿನ್ಯಾಂಟಿ, ಚೋಬೆ ಅಂದರೆ ಹರಿಯುತ್ತಾ ಹೆಸರು ಬದಲಿಸುವ ಒಂದೇ ನದಿ. ಆನೆಗಳೂ ಅವೇ. ಈ ಕಡೆ ಖರ್ಚು ಮಾತ್ರ ಕಡಿಮೆ. ಇನ್ನೊಂದು, ಗಾಡಿ ಓಡಿಸಬಾರದು. ಆನೆಗಳು ನೀರಿಗೆ ಇಳಿಯುವ ಜಾಗ ನೋಡಿ, ಗಾಳಿಯ ಎದುರು ಗಾಡಿ ಹಾಕಿ ಕೂರಬೇಕು.

ಗೆಳೆಯರು ಒಪ್ಪಲಿಲ್ಲ. "ಇಷ್ಟು ದೂರ ಬಂದು ಒಂದೇ ಮರದ ಕೆಳಗೆ ಕೂರೋದಾ?" ಮೊದಲೆರಡು ದಿನ ಕ್ವಾಂಡೊ ದಡದ ಬ್ವಾಬ್ವಾಟಾ ಪಾರ್ಕಿನ ಮರಳು ದಾರಿಯಲ್ಲಿ ಸುಮ್ನೆ ಸುತ್ತಿದೆವು. ಸಿಕ್ಕಿದ್ದು ದೂಳು.

ಮೂರನೇ ದಿನ, ನದಿ ಲಾಳದ ಹಾಗೆ ಬಾಗುವ ಹಾರ್ಸ್‌ಶೂ ತಿರುವಿನ ಹತ್ತಿರ ಗಾಡಿ ಹೂತುಹೋಯಿತು. ತಪ್ಪು ನನ್ನದೇ. ಮರಳಿನಲ್ಲಿ ಹೂಳದಿರಲು ಟೈರಿನ ಗಾಳಿ 20 ಪಿಎಸ್‌ಐಗೆ ಇಳಿಸಬೇಕಿತ್ತು, ಸೋಮಾರಿತನದಿಂದ 32ರಲ್ಲೇ ಬಿಟ್ಟಿದ್ದೆ. ಸಲಿಕೆ ಹಿಡಿದು ಇಳಿಯಬೇಕು ಅನ್ನುವಷ್ಟರಲ್ಲಿ ಮರಗಳ ನಡುವಿನಿಂದ ಮೊದಲ ಹಿಂಡು ಬಂತು. ಬಾಗಿಲು ಹಾಕಿಕೊಂಡೆವು. ಆಮೇಲೆ ಇನ್ನೊಂದು ಹಿಂಡು. ಇನ್ನೊಂದು. ಮರಿಗಳು ಮರಳಿನ ಇಳಿಜಾರಿನಲ್ಲಿ ಓಡಿ ಬಂದು ನೀರಿಗೆ ಬೀಳುತ್ತಿದ್ದವು. ನೂರಾ ಎಂಬತ್ತರವರೆಗೆ ಎಣಿಸಿದೆ, ಆಮೇಲೆ ಬಿಟ್ಟೆ. ಎರಡೂವರೆ ಗಂಟೆ ಗಾಡಿ ಅಲುಗಾಡಲಿಲ್ಲ, ನಾವೂ ಅಲುಗಾಡಲಿಲ್ಲ. ಭಾವನ ಹಾಲ್‌ನಲ್ಲಿರುವ ಒಂದು ಫೋಟೊ ಆ ಹೊತ್ತಿನದು. ಮಾರನೇ ದಿನದಿಂದ "ಇವತ್ತು ಎಲ್ಲಿ ಕೂರೋಣ?" ಅಂತ ಗೆಳೆಯರೇ ಕೇಳತೊಡಗಿದರು.

ಕೂರುವ ಜಾಗ ಹುಡುಕುವುದು ಹೇಗೆ ಅಂತ ಅರ್ಧ ಹೇಳುತ್ತೇನೆ. ಹೊಸ ಲದ್ದಿ ನೋಡಿ, ಇಳಿಜಾರಿನ ಮರಳು ಎಷ್ಟು ಸವೆದಿದೆ ನೋಡಿ, ಮಧ್ಯಾಹ್ನ ಎರಡಕ್ಕೆ ಮುಂಚೆ ಹೋಗಿ ಕೂತಿರಿ. ಉಳಿದರ್ಧ ನನ್ನ ಹತ್ತಿರವೇ ಇರಲಿ. ಹಾರ್ಸ್‌ಶೂ ಎಲ್ಲರಿಗೂ ಗೊತ್ತು. ಅಲ್ಲಿಂದ ಮುಂದೆ ನಮಗೆ ಸಿಕ್ಕ ಇನ್ನೊಂದು ಸಣ್ಣ ತಿರುವನ್ನು ಯಾರಿಗೂ ಹೇಳಿಲ್ಲ.

ಒಂದು ಮಾತು ಒಪ್ಪಿಕೊಳ್ಳಬೇಕು. ಆ ವರ್ಷ ಅಲ್ಲಿ ಭಾರೀ ಬರ. ಒಳಗಿನ ಹೊಂಡ ಒಣಗಿ ಪ್ರಾಣಿಗಳೆಲ್ಲ ನದಿಗೆ ಒತ್ತಿ ಬಂದಿದ್ದವು. ಬರಕ್ಕೆ ಸಿಕ್ಕ ಜನರಿಗೆ ಮಾಂಸ ಹಂಚಲು 83 ಆನೆ ಸೇರಿ 723 ಕಾಡುಪ್ರಾಣಿಗಳನ್ನು ಕೊಲ್ಲುವುದಾಗಿ ನಮೀಬಿಯಾ ಸರ್ಕಾರ ಆಗಸ್ಟ್‌ನಲ್ಲೇ ಹೇಳಿತ್ತು. ಆ ಪಟ್ಟಿಯಲ್ಲಿ ಬ್ವಾಬ್ವಾಟಾ ಕೂಡ ಇತ್ತು. ಪಾರ್ಕಿನ ಒಳಗೇ ಊರುಗಳಿವೆ. ದಾರಿಬದಿಯ ಹೊಲಗಳಲ್ಲಿ ಒಣಗಿದ ದಂಟು ಬಿಟ್ಟರೆ ಏನೂ ಇರಲಿಲ್ಲ. ನನ್ನ ಒಳ್ಳೆ ಫೋಟೊಗಳಲ್ಲಿ ಆ ಬರದ ಪಾಲೂ ಇದೆ.

ಲೆನ್ಸ್ ಅಲುಗಾಡದಂತೆ ಊರಲು ಬಳಸುವ ಬೀನ್ ಬ್ಯಾಗ್ ಖಾಲಿ ಒಯ್ದಿದ್ದೆ, ಲಗೇಜಿನ ತೂಕ ಉಳಿಯಲಿ ಅಂತ. ರುಂಡುವಿನಲ್ಲಿ ಐದು ಕೇಜಿ ಅಕ್ಕಿ ಕೊಂಡು ತುಂಬಿಸಿದೆ. ಆರನೇ ದಿನ ಊಟಕ್ಕೆ ಅಕ್ಕಿ ಮುಗಿದು ಅದಕ್ಕೇ ಕೈ ಹಾಕಿದೆವು. ಕೊನೆಯ ಮೂರು ದಿನ ಬ್ಯಾಗಿನೊಳಗೆ ಟವೆಲ್.

ಅಡುಗೆಯಲ್ಲೂ ಒಂದು ಪ್ರಯೋಗ ಆಯಿತು. ಅಲ್ಲಿನವರು ಮಹಂಗು ಅನ್ನುವುದು ನಮ್ಮ ಸಜ್ಜೆಯೇ. ಹಿಟ್ಟು ತಗೊಂಡು ರೊಟ್ಟಿ ತಟ್ಟಿದೆ. ಮೊದಲ ನಾಲ್ಕು ಹರಿದವು, ಆಮೇಲೆ ಬಿಸಿನೀರಿನಲ್ಲಿ ನಾದಿದ ಮೇಲೆ ಬಂತು. ಕ್ಯಾಂಪಿನ ಕಾವಲುಗಾರ ಚಟ್ನಿಪುಡಿ ಹಾಕಿಕೊಂಡು ಎರಡು ತಿಂದ, ಇನ್ನೊಂದು ಕಟ್ಟಿಸಿಕೊಂಡ. ರಾತ್ರಿ ಗಾಡಿಯ ಮೇಲೆ ರೆಕಾರ್ಡರ್ ಇಟ್ಟು ಹಿಪ್ಪೊಗಳ ಗುಟುರು ಹಿಡಿಯಲು ನೋಡಿದೆ. ಏಳು ಗಂಟೆಯ ಆಡಿಯೊದಲ್ಲಿ ಮುಕ್ಕಾಲು ಪಾಲು ಗೆಳೆಯನ ಗೊರಕೆ.

ಕಟಿಮಾ ಮುಲಿಲೊ ಹತ್ತಿರ ಜಾಂಬೆಜಿ ದಡದಲ್ಲಿ ಒಂದು ದಿನ ಕಾರ್ಮೈನ್ ಕಳ್ಳಿಪೀರ ಎಂಬ ಕೆಂಪು ಹಕ್ಕಿಗಳಿಗೆ ಕೊಟ್ಟೆವು. ಆ ಹೊತ್ತಿಗೆ ಅವು ಗೂಡು ತೋಡಲು ಸಾವಿರಗಟ್ಟಲೆ ಬಂದಿರುತ್ತವೆ. ಒಮ್ಮೆಲೇ ಎದ್ದರೆ ದಡವೇ ಕೆಂಪಗೆ ಎದ್ದ ಹಾಗೆ. ನನಗೆ ಒಂದೇ ಒಂದು ಚೂಪಾದ ಫೋಟೊ ಸಿಕ್ಕಿತು, ಅದೂ ಗೆಳೆಯನ ಕ್ಯಾಮೆರಾದಲ್ಲಿ.

ಮುಂದೆ ಎಂಗೋಮಾ ಗಡಿ ದಾಟಿ ಬೋಟ್ಸ್ವಾನಾದ ಕಸಾನೆಗೆ. ಕಾಲುಬಾಯಿ ರೋಗ ಹರಡದಿರಲಿ ಅಂತ ಚಪ್ಪಲಿ, ಟೈರು ಔಷಧಿ ನೀರಿನಲ್ಲಿ ಅದ್ದಿಸುತ್ತಾರೆ, ಹಸಿ ಮಾಂಸ ಬಿಡುವುದಿಲ್ಲ. ನಮ್ಮ ತುಪ್ಪದ ಡಬ್ಬಿ ಮೂಸಿ ನೋಡಿ ನಕ್ಕು ವಾಪಸ್ ಕೊಟ್ಟರು.

ಚೋಬೆಯಲ್ಲಿ ಜೀಪಿಗೆ ಕೈಮುಗಿದು ಸಣ್ಣ ದೋಣಿ ಹಿಡಿದೆವು. ಸಂಜೆಯ ದೊಡ್ಡ ದೋಣಿಗಳು ಹೊರಡುವ ಮೊದಲು ಮೂರು ಗಂಟೆ ಕಾಲ, ತಲೆಗೆ 4,000 ರೂಪಾಯಿ ಆಸುಪಾಸು. ನದಿ ನಡುವಿನ ಸೆಡುಡು ದ್ವೀಪದ ಹುಲ್ಲಿಗಾಗಿ ಆನೆಗಳು ಈಜುತ್ತವೆ. ದೊಡ್ಡವು ಸೊಂಡಿಲು ಮೇಲೆತ್ತಿ, ಮರಿ ಮಧ್ಯದಲ್ಲಿ. ಈ ದ್ವೀಪಕ್ಕಾಗಿ ನಮೀಬಿಯಾ, ಬೋಟ್ಸ್ವಾನಾ ಎರಡೂ ಹೇಗ್‌ನ ಅಂತರರಾಷ್ಟ್ರೀಯ ಕೋರ್ಟಿಗೆ ಹೋಗಿ, 1999ರಲ್ಲಿ ಅದು ಬೋಟ್ಸ್ವಾನಾ ಪಾಲಾಯಿತು. ದೋಣಿಯಲ್ಲಿ ಕ್ಯಾಮೆರಾ ನೀರಿನ ಮಟ್ಟಕ್ಕೆ ಬರುತ್ತದೆ. ಎರಡನೇ ಫೋಟೊ ಅಲ್ಲಿಯದು.

ಇನ್ನು ಲೆಕ್ಕ. ನೆನಪಿನಿಂದ ಹೇಳುತ್ತಿದ್ದೇನೆ, ಸ್ವಲ್ಪ ಹೆಚ್ಚುಕಮ್ಮಿ ಇರಬಹುದು. ವಿಮಾನ 75,000. ಗಾಡಿ ದಿನಕ್ಕೆ 8,000ದಂತೆ 1.12 ಲಕ್ಷ, ಡೀಸೆಲ್ 40,000 ಹತ್ತಿರ, ಇವೆರಡು ಮೂರು ಪಾಲು. ಕ್ಯಾಂಪ್, ಪಾರ್ಕ್ ಫೀಸು, ದೋಣಿ, ಊಟ, ವೀಸಾ, ಮಲೇರಿಯಾ ಮಾತ್ರೆ ಎಲ್ಲ ಸೇರಿ ತಲೆಗೆ ಇನ್ನೊಂದು 50,000. ಒಟ್ಟು ಒಂದು ಮುಕ್ಕಾಲು ಲಕ್ಷದ ಆಸುಪಾಸು. ಪ್ಯಾಕೇಜಿನ ಮೂರು ರಾತ್ರಿಗೆ ಕೊಟ್ಟದ್ದಕ್ಕಿಂತ ಸ್ವಲ್ಪವೇ ಜಾಸ್ತಿ, ಅದೂ ವಿಮಾನ ಸೇರಿ.

ಭಾವ ಈಗ ಸೆಪ್ಟೆಂಬರ್‌ಗೆ ರಜೆ ಕೇಳಿದ್ದಾರಂತೆ. ಮೊನ್ನೆ ಫೋನ್ ಮಾಡಿ ಆ ಸಣ್ಣ ತಿರುವು ಎಲ್ಲಿ ಅಂತ ಕೇಳಿದರು. ಡೀಸೆಲ್ ಖರ್ಚು ಅವರದಾದರೆ ತೋರಿಸುತ್ತೇನೆ ಎಂದಿದ್ದೇನೆ.