ಚಾಕ್‌ಪೀಸ್ ಜೂನಿಯರ್ ಕೈಗೆ ಕೊಡಿ

ಬಿ.ಕಾಂ.ನಲ್ಲಿ ಸ್ಟ್ಯಾಟಿಸ್ಟಿಕ್ಸ್, ಬಿ.ಎಸ್ಸಿ.ಯಲ್ಲಿ ಆರ್ಗ್ಯಾನಿಕ್ ಕೆಮಿಸ್ಟ್ರಿ. ಬೇರೆಲ್ಲ ಪೇಪರ್ ಪಾಸಾದವರೂ ಇಂಥದೊಂದರಲ್ಲಿ ಫೇಲಾಗಿ ಉಳಿದುಬಿಡುತ್ತಾರೆ. ರಾಯಚೂರಿನಲ್ಲಿ ಟ್ಯೂಷನ್‌ಗೆ ಹೋಗೋಣ ಎಂದರೆ ಮಾನ್ವಿ, ದೇವದುರ್ಗದಿಂದ ಓಡಾಡುವವರಿಗೆ ಬಸ್ಸಿನ ಚಿಂತೆ, ಮೇಲೆ ಫೀಸು. ಅದೇ ಪೇಪರ್ ಹೋದ ವರ್ಷ ಮುಗಿಸಿದ ಸೀನಿಯರ್ ಮಾತ್ರ ಪಕ್ಕದ ಕ್ಲಾಸಿನಲ್ಲೇ ಇರುತ್ತಾರೆ. ಅವರನ್ನು ಹಿಡಿದು ಓದಿನ ಗುಂಪು ಕಟ್ಟುವುದು ಹೀಗೆ.

ಮೊದಲು ಪೇಪರ್ ಹುಡುಕಿ

'ವೀಕ್ ಸ್ಟೂಡೆಂಟ್ಸ್ ಗುಂಪು' ಅಂತ ಬೋರ್ಡ್ ಹಾಕಿದರೆ ಯಾರೂ ಬರುವುದಿಲ್ಲ. 1973ರಲ್ಲಿ ಅಮೆರಿಕದ ಕಾನ್ಸಾಸ್ ಸಿಟಿಯ ಮಿಸೌರಿ ವಿಶ್ವವಿದ್ಯಾಲಯದಲ್ಲಿ ಡಿಯಾನಾ ಮಾರ್ಟಿನ್ ಶುರು ಮಾಡಿದ ಪದ್ಧತಿಯ ಜಾಣತನ ಇಲ್ಲೇ ಇದೆ. ಕಷ್ಟದ್ದು ಪೇಪರ್, ಹುಡುಗರು ದಡ್ಡರಲ್ಲ ಎಂದು ಅಲ್ಲಿ ಲೆಕ್ಕ. ಶೇ 30ರಷ್ಟು ಅಥವಾ ಜಾಸ್ತಿ ಮಂದಿ ಎಡವುವ, ಇಲ್ಲವೇ ನಡುವೆ ಬಿಡುವ ಪೇಪರ್ ಆರಿಸುತ್ತಾರೆ. ರ್‍ಯಾಂಕ್ ಬಂದವರೂ ಬರಬಹುದು. ನಿಮ್ಮ ಕಾಲೇಜಿನ ಎರಡು ವರ್ಷದ ರಿಸಲ್ಟ್ ಶೀಟ್ ನೋಡಿ, ಪೇಪರ್ ತಾನೇ ಸಿಗುತ್ತದೆ.

ಲೀಡರ್ ಯಾರು?

ಫಸ್ಟ್ ಬಂದವರೇ ಆಗಬೇಕಿಲ್ಲ. ಮೊದಲ ಇಂಟರ್ನಲ್‌ನಲ್ಲಿ ಬಿದ್ದು, ಆಮೇಲೆ ಎದ್ದು ಒಳ್ಳೆ ಮಾರ್ಕ್ಸ್ ತೆಗೆದವರಿದ್ದರೆ ನಾನು ಅವರನ್ನೇ ಆರಿಸುತ್ತೇನೆ. ಎಲ್ಲಿ ಕಾಲು ಜಾರುತ್ತದೆ ಅಂತ ಅವರಿಗೆ ಗೊತ್ತಿರುತ್ತದೆ. ಕಾನ್ಸಾಸ್ ಸಿಟಿಯ ಪದ್ಧತಿಯಲ್ಲಿ ಲೀಡರ್ ಜೂನಿಯರ್‌ಗಳ ಜೊತೆ ಅದೇ ಕ್ಲಾಸಿನಲ್ಲಿ ಮತ್ತೆ ಕೂರುತ್ತಾರೆ. ನಮ್ಮಲ್ಲಿ ಟೈಮ್‌ಟೇಬಲ್ ಬಿಡುವುದಿಲ್ಲ. ವಾರಕ್ಕೊಮ್ಮೆ ಜೂನಿಯರ್ ಒಬ್ಬರ ನೋಟ್ಸ್ ತಿರುವಿ ಹಾಕಿದರೂ ಸಾಕು.

ಗುಂಪಿಗೆ ಆರರಿಂದ ಎಂಟು ಮಂದಿ, ವಾರಕ್ಕೆ ಒಂದೂವರೆ ಗಂಟೆ. ಬಸ್ಸಿನ ಟೈಮ್ ಕೇಳಿಯೇ ಹೊತ್ತು ಗೊತ್ತು ಮಾಡಿ. ಖಾಲಿ ರೂಮಿಗೆ ಎಚ್‌ಒಡಿ (ವಿಭಾಗದ ಮುಖ್ಯಸ್ಥರ) ಒಪ್ಪಿಗೆ ಬೇಕು. ಕೀಲಿ ಅಟೆಂಡರ್ ಹತ್ತಿರ ಇರುತ್ತದೆ, ಅವರಿಗೂ ಮೊದಲೇ ಒಂದು ಮಾತು ಹೇಳಿಡಿ.

ಉತ್ತರ ಹೇಳಬೇಡಿ

ಎಲ್ಲಕ್ಕಿಂತ ಕಷ್ಟ ಇದೇ. ಕೇಳಿದ ಕೂಡಲೇ ಬೋರ್ಡ್ ತುಂಬ ಲೆಕ್ಕ ಬಿಡಿಸುವ ಸೀನಿಯರ್ ಎಲ್ಲರಿಗೂ ಇಷ್ಟ. ಆದರೆ ಅಲ್ಲಿ ಕಲಿಯುವವರು ಅವರೊಬ್ಬರೇ! ನ್ಯೂಯಾರ್ಕಿನ ಸಿಟಿ ಕಾಲೇಜಿನಲ್ಲಿ ಕೆಮಿಸ್ಟ್ರಿಗೆ ಇಂಥ ಗುಂಪು ಮಾಡಿದವರು ಲೀಡರ್ ಕೈಗೂ ಉತ್ತರದ ಹಾಳೆ ಕೊಡಲಿಲ್ಲ.

ಸ್ಟ್ಯಾಂಡರ್ಡ್ ಡೀವಿಯೇಷನ್ ತಗೊಳ್ಳಿ, ಅಂದರೆ ಅಂಕಿಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬ ಅಳತೆ. ಮೂರು ಹೊಲದಲ್ಲಿ ಎಕರೆಗೆ 4, 6, 8 ಕ್ವಿಂಟಲ್ ಹತ್ತಿ ಬಂದಿದೆ. ಸರಾಸರಿ 6. ಲೀಡರ್ ಅಕ್ಕ ಕೇಳುತ್ತಾರೆ:

"ಸರಾಸರಿಗಿಂತ ಎಷ್ಟೆಷ್ಟು ದೂರ ಅದಾವು?"

"ಮೈನಸ್ 2, ಸೊನ್ನೆ, 2."

"ಕೂಡಿಸು."

"ಸೊನ್ನೆ ಬಂತಕ್ಕ."

"ಅಂದ್ರ ಮೂರು ಹೊಲಕ್ಕ ಫರಕೇ ಇಲ್ಲೇನು?"

ಇಲ್ಲಿ ಅಕ್ಕ ಸುಮ್ನಿರಬೇಕು. ಹತ್ತು ಸೆಕೆಂಡ್ ಆಗಲಿ, ಮೂವತ್ತಾಗಲಿ. ಯಾರೋ ಒಬ್ಬರು ಮೈನಸ್ ತೆಗೆಯಬೇಕು ಅಂತಾರೆ. ಇನ್ನೊಬ್ಬರು ವರ್ಗ ಮಾಡಿದರೆ ಹೋಗುತ್ತದೆ ಅಂತಾರೆ. ಚಾಕ್‌ಪೀಸ್ ಅವರ ಕೈಗೇ ಕೊಡಿ. 4, 0, 4, ಕೂಡಿಸಿದರೆ 8. ಮೂರರಿಂದ ಭಾಗಿಸಿ ವರ್ಗಮೂಲ ತೆಗೆದರೆ 1.63. ಸೂತ್ರದಲ್ಲಿ ಆ ವರ್ಗ ಯಾಕೆ ಬಂತು ಅಂತ ಇನ್ನು ಯಾರೂ ಬಾಯಿಪಾಠ ಮಾಡಬೇಕಿಲ್ಲ ಅಲ್ವಾ?

ಕೊನೆಯ ಹಾಳೆ

ಕನ್ನಡ ಮೀಡಿಯಂನಿಂದ ಬಂದವರಿಗೆ ಅರ್ಧ ಕಷ್ಟ ಪದದ್ದು. ಸರಾಸರಿ ಬಲ್ಲವರೇ 'ಮೀನ್' ಅಂದಾಗ ತಡವರಿಸುತ್ತಾರೆ. ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಎರಡು ಕಾಲಂ ಮಾಡಿ: ಒಂದು ಕಡೆ ಇಂಗ್ಲಿಷ್, ಇನ್ನೊಂದು ಕಡೆ ಕನ್ನಡ. ಮಾತು ಮನೆಯ ಕನ್ನಡದಲ್ಲಿರಲಿ, ಬರೆಯುವುದು ಪರೀಕ್ಷೆಯ ಭಾಷೆಯಲ್ಲಿ.

ಎಕ್ಸಾಂ ಹತ್ತಿರ ಬಂದರೆ "ಇಂಪಾರ್ಟೆಂಟ್ ಅಷ್ಟೇ ಹೇಳ್ರಿ ಅಣ್ಣ" ಅನ್ನುವವರು ಬಂದೇ ಬರುತ್ತಾರೆ. ಬೈದು ಕಳಿಸಬೇಡಿ. ಹಳೆಯ ಪ್ರಶ್ನೆಪತ್ರಿಕೆ ಕೊಟ್ಟು, ಯಾವುದು ಪದೇ ಪದೇ ಬಂದಿದೆ ಅಂತ ಅವರಿಂದಲೇ ಗುರುತು ಹಾಕಿಸಿ. ಅರ್ಧ ಸಿಲಬಸ್ ಅಲ್ಲೇ ತಿರುವಿದಂತಾಗುತ್ತದೆ. ಕೊನೆಯ ವಾರ ಮಿರ್ಚಿ-ಮಂಡಾಳು ತರಿಸಿದರೆ ಹಾಜರಿ ಜಾಸ್ತಿ ಆಗುತ್ತದೆ, ಅದು ಬೇರೆ ಮಾತು.

ಸೆಮಿಸ್ಟರ್ ಮುಗಿಯುವ ಮುಂಚೆ, ಗುಂಪಿನಲ್ಲಿ ಎಲ್ಲರಿಗಿಂತ ಜಾಸ್ತಿ 'ಯಾಕೆ' ಅಂತ ಕೇಳಿದ ಇಬ್ಬರ ಹೆಸರು ಬರೆದಿಟ್ಟುಕೊಳ್ಳಿ. ಮುಂದಿನ ವರ್ಷ ರೂಮಿನ ಕೀಲಿ ಕೇಳಬೇಕಾದವರು ಅವರೇ.