ಮಡಿಕೇರಿ ಮಳೆಯಲ್ಲಿ ಸ್ಟ್ಯಾಂಪ್ ಉಳಿಸೋದು ಹೇಗೆ?

ಕೊಡಗಿನಲ್ಲಿ ಸ್ಟ್ಯಾಂಪ್ ಸಂಗ್ರಹಿಸುವವರಿಗೆ ಮೊದಲ ಶತ್ರು ಕಳ್ಳನಲ್ಲ, ಜೂನ್ ತಿಂಗಳು. ಬಳಸದ ಸ್ಟ್ಯಾಂಪಿನ ಹಿಂದಿನ ಗೋಂದು ತೇವ ಹೀರಿ ಪುಟಕ್ಕೆ ಅಂಟಿಕೊಂಡರೆ ಕಥೆ ಮುಗೀತು. ಆಲ್ಬಮ್‌ಗಳನ್ನು ಒಂದರ ಮೇಲೊಂದು ಪೇರಿಸಬೇಡಿ, ಭಾರಕ್ಕೆ ಬೇಗ ಅಂಟುತ್ತದೆ. ನಾನು ಗಾಳಿಯಾಡದ ಡಬ್ಬದಲ್ಲಿ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ ಹಾಕಿ, ನೆಟ್ಟಗೆ ನಿಲ್ಲಿಸಿಡುತ್ತೇನೆ. ಬಿಸಿಲು ಬಿದ್ದ ದಿನ ನೆರಳಲ್ಲಿ ಪುಟ ತಿರುವಿ ಗಾಳಿಯಾಡಿಸಿ. ಲ್ಯಾಮಿನೇಷನ್ ಮಾತ್ರ ಬೇಡವೇ ಬೇಡ.

ಹಳೇ ಲಕೋಟೆ ಸಿಕ್ಕಿತಾ? ಸ್ಟ್ಯಾಂಪ್ ಕೀಳಬೇಡಿ. ಸುತ್ತ ಸ್ವಲ್ಪ ಕಾಗದ ಬಿಟ್ಟು ಕತ್ತರಿಸಿ, ತಣ್ಣೀರಿನಲ್ಲಿ ತೇಲಿಸಿ. ಅದಾಗೇ ಬಿಟ್ಟುಕೊಳ್ಳುವವರೆಗೆ ಸುಮ್ನೆ ಕಾಯಿರಿ. ಬಣ್ಣದ ಲಕೋಟೆಯದ್ದನ್ನು ಬೇರೆ ಬಟ್ಟಲಿನಲ್ಲಿ ನೆನೆಸಿ, ಬಣ್ಣ ಬಿಡುತ್ತದೆ. ಚಿಮಟದಲ್ಲೆತ್ತಿ, ಮುಖ ಕೆಳಗೆ ಮಾಡಿ ಬಿಳಿ ಕಾಗದದ ಮೇಲೆ ಒಣಗಿಸಿ. ಆಮೇಲೆ ದಪ್ಪ ಪುಸ್ತಕದಡಿ ಒಂದು ರಾತ್ರಿ ಇಟ್ಟರೆ ಸಪಾಟಾಗುತ್ತದೆ. ಊರಿನ ಅಂಚೆ ಮುದ್ರೆ ಸ್ಪಷ್ಟವಾಗಿದ್ದರೆ ಲಕೋಟೆ ಸಮೇತ ಇಟ್ಟುಕೊಳ್ಳಿ, ಅದರ ಮಜವೇ ಬೇರೆ.

ಮೊಬೈಲ್ ಏಕೆ ಬೇಕು? ಫೋಟೋ ಹಿಡಿಯಲು. ಕಿಟಕಿ ಬೆಳಕಿನಲ್ಲಿ ಎರಡೂ ಬದಿ ತೆಗೆಯಿರಿ. ಓರೆ ಬೆಳಕಿಗೆ ಹಿಡಿದರೆ ಮಡಿಕೆ, ಸವೆತ ಕಾಣುತ್ತವೆ. ಕೊಲ್ನೆಕ್ಟ್‌ನಂಥ ಆನ್‌ಲೈನ್ ಪಟ್ಟಿಯಲ್ಲಿ ನಿಮ್ಮದನ್ನು ಗುರುತು ಹಾಕಿಟ್ಟರೆ ಎರಡೆರಡು ಸಲ ಕೊಳ್ಳುವುದು ತಪ್ಪುತ್ತದೆ. ಆನ್‌ಲೈನಿನಲ್ಲಿ 'ಅಪರೂಪ' ಅಂತ ಬರೆದ ಮಾತ್ರಕ್ಕೆ ಅಪರೂಪ ಅಲ್ಲ ಅಲ್ವಾ? ಮಾರುವವರ ಹತ್ತಿರ ಹಿಂಬದಿಯ ಫೋಟೋ ಕೇಳಿ, ಕೊಡದಿದ್ದರೆ ಬಿಡಿ.

ಶುರುವಿಗೆ ಒಂದೇ ವಿಷಯ ಹಿಡಿಯಿರಿ. ನಮ್ಮ ಕೊಡಗಿನವರಿಗೆ ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರ 1995ರ ಸ್ಟ್ಯಾಂಪ್ ಒಳ್ಳೆ ಆರಂಭ. ಆಮೇಲೆ ಸೇನೆ, ಹಕ್ಕಿ, ಕಾಡು, ಯಾವುದಾದರೂ ಸರಿ.